ಮಳೆ ಲೆಕ್ಕಕ್ಕೆ ಒಂದೇ ಫೈಲು: ಸಣ್ಣ ಜಾಲತಾಣಗಳ ಡೇಟಾಬೇಸ್ ಮತ್ತು ಲಾಗಿನ್

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರಲ್ಲಿ ದಿನದಿನದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವವರಿದ್ದಾರೆ. ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ ಮುಗಿಯಬೇಕು, ಎರಡನೆಯದು ಅದಾದ 40–45 ದಿನಗಳಿಗೆ ಆಗಬೇಕು. ನಡುವೆ ಮಳೆ ಯಾವಾಗ ಬಿಡುವು ಕೊಟ್ಟೀತೆಂದು ಹಿಂದಿನ ವರ್ಷಗಳ ಲೆಕ್ಕ ನೋಡಿ ಅಂದಾಜು ಮಾಡುವವರಿಗೆ ಆ ಪುಸ್ತಕದ ಬೆಲೆ ಗೊತ್ತು. ಇಂಥ ಅರವತ್ತು ಮನೆಯವರು ಸೇರಿ, ತಮ್ಮ ತಮ್ಮ ಊರಿನ ಮಳೆಯನ್ನು ಒಂದೇ ಜಾಲತಾಣದಲ್ಲಿ ದಾಖಲಿಸಲು ನಿರ್ಧರಿಸಿದರೆಂದು ಇಟ್ಟುಕೊಳ್ಳೋಣ. ಪುಟಗಳನ್ನು ಅಂದವಾಗಿ ರೂಪಿಸುವುದು ಕಷ್ಟದ ಕೆಲಸವಲ್ಲ. ಬಂದ ಅಂಕಿಗಳನ್ನು ಎಲ್ಲಿ, ಹೇಗೆ ಕಾಪಾಡಬೇಕು ಎಂಬುದು ಮತ್ತು ಬರೆಯುತ್ತಿರುವವರು ನಿಜವಾಗಿ ಅವರೇ ಎಂದು ತಿಳಿಯುವುದು ಹೇಗೆ ಎಂಬುದು, ಇವೆರಡೇ ಯೋಚನೆ ಮಾಡಬೇಕಾದ ಪ್ರಶ್ನೆಗಳು.

ಮೊದಲ ಪ್ರಶ್ನೆಗೆ ಅನೇಕರು ಕೊಡುವ ಉತ್ತರ ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಸರ್ವರ್. ಅದು ಹಗಲಿರುಳು ಪ್ರತ್ಯೇಕವಾಗಿ ಓಡುತ್ತಿರುವ ಪ್ರೋಗ್ರಾಮು; ಅದಕ್ಕೇ ಒಂದು ಪಾಸ್‌ವರ್ಡು, ಒಂದಿಷ್ಟು ಮೆಮೊರಿ, ಆಗಾಗ ಅಪ್‌ಡೇಟು, ನೋಡಿಕೊಳ್ಳಲು ಒಬ್ಬರು ಬೇಕು. ನಮ್ಮ ಲೆಕ್ಕ ಎಷ್ಟು ದೊಡ್ಡದೆಂದು ನೋಡಿದರೆ, ಅರವತ್ತು ಮಳೆಮಾಪಕಗಳಿಂದ ದಿನಕ್ಕೊಂದರಂತೆ ವರ್ಷಕ್ಕೆ 21,900 ಸಾಲುಗಳು ಬರುತ್ತವೆ. ಒಂದು ಸಾಲಿಗೆ 50 ಬೈಟ್ ಹಿಡಿದರೂ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ ಆಯಿತು. ಹತ್ತು ವರ್ಷದ ಮಳೆಯೆಲ್ಲ ಸೇರಿ ಮೊಬೈಲಿನಲ್ಲಿ ತೆಗೆದ ಮೂರ್ನಾಲ್ಕು ಫೋಟೋಗಳಷ್ಟು ಜಾಗ ಹಿಡಿದೀತು. ಇಷ್ಟಕ್ಕೆ ಒಂದು ಫೈಲು ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಆ ಫೈಲನ್ನು ಯಾರು, ಯಾವ ಶಿಸ್ತಿನಿಂದ ಬರೆಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅತ್ಯಂತ ಸರಳವಾದ ದಾರಿ ಜೇಸನ್ ರೂಪದ, ಅಂದರೆ ಮಾಹಿತಿಯನ್ನು ಹೆಸರು ಮತ್ತು ಮೌಲ್ಯಗಳ ಜೋಡಿಗಳಾಗಿ ಬರೆದಿಡುವ, ಪಠ್ಯ ಫೈಲು. ಪ್ರೋಗ್ರಾಮು ಇಡೀ ಫೈಲನ್ನು ಓದಿಕೊಂಡು, ಹೊಸ ಸಾಲು ಸೇರಿಸಿ, ಪುನಃ ಇಡೀ ಫೈಲನ್ನು ಬರೆಯುತ್ತದೆ. ಒಬ್ಬರೇ ಬರೆಯುವ ಕಡೆ ಇದರಿಂದ ತೊಂದರೆಯಿಲ್ಲ. ಆದರೆ ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಗ್ಗೆ 8.30ಕ್ಕೆ ಅಳೆದ 24 ಗಂಟೆಗಳ ಮಳೆಯೇ ಆ ದಿನದ ಲೆಕ್ಕವಾದ್ದರಿಂದ, ನಮ್ಮ ಸದಸ್ಯರೆಲ್ಲ ಬರೆಯುವುದು ಅದೇ ಹೊತ್ತಿಗೆ. ಆಗುಂಬೆಯವರು ಫೈಲನ್ನು ಓದಿಕೊಂಡ ಮರುಕ್ಷಣದಲ್ಲಿ ಮಾಸ್ತಿಕಟ್ಟೆಯವರೂ ಅದೇ ಫೈಲನ್ನು ಓದಿಕೊಂಡರೆ, ಇಬ್ಬರ ಬಳಿಯೂ ಇರುವುದು ಹಳೆಯ ಪ್ರತಿ. ಮೊದಲು ಆಗುಂಬೆಯ ಸಾಲು ಸೇರಿದ ಫೈಲು ಡಿಸ್ಕಿಗೆ ಹೋಗುತ್ತದೆ. ಅದರ ಮೇಲೆ ಮಾಸ್ತಿಕಟ್ಟೆಯ ಸಾಲು ಮಾತ್ರ ಇರುವ ಫೈಲು ಬಂದು ಕೂರುತ್ತದೆ. ಆಗುಂಬೆಯ ಮಳೆ ಲೆಕ್ಕದಿಂದ ಮಾಯವಾಗುತ್ತದೆ, ಯಾರಿಗೂ ಒಂದು ದೋಷಸೂಚನೆಯೂ ಕಾಣುವುದಿಲ್ಲ. ಇನ್ನು ಅರ್ಧ ಬರೆದಿರುವಾಗ ಕರೆಂಟು ಹೋದರೆ, ಮಳೆಗಾಲದ ಮಲೆನಾಡಿನಲ್ಲಿ ಇದು ದೂರದ ಸಾಧ್ಯತೆಯಲ್ಲ, ಉಳಿಯುವುದು ಅರ್ಧ ಫೈಲು. ಅರ್ಧ ಜೇಸನ್ ಎಂದರೆ ಓದಲಾಗದ ಜೇಸನ್.

ಪಠ್ಯ ಫೈಲನ್ನೇ ಬಳಸುವ ಹಗುರ ಲೈಬ್ರರಿಗಳಲ್ಲಿ (ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ, ಬೇರೆಯವರು ಬರೆದಿಟ್ಟ ಸಿದ್ಧ ಕೋಡುಗಳಲ್ಲಿ) ಒಳ್ಳೆಯವು ಈ ಎರಡಕ್ಕೂ ಪರಿಹಾರ ಇಟ್ಟುಕೊಂಡಿರುತ್ತವೆ. ಓದುವ ಮೊದಲೇ ಬೀಗ ಹಾಕಿ, ಬರೆದು ಮುಗಿಸಿದ ಮೇಲೆ ತೆಗೆಯುತ್ತವೆ. ಮೂಲ ಫೈಲನ್ನು ಮುಟ್ಟದೆ ಪಕ್ಕದಲ್ಲಿ ತಾತ್ಕಾಲಿಕ ಫೈಲೊಂದನ್ನು ಪೂರ್ತಿ ಬರೆದು, ಡಿಸ್ಕಿಗೆ ಇಳಿದಿದೆಯೆಂದು ಖಚಿತಪಡಿಸಿಕೊಂಡು, ಕೊನೆಗೆ ಅದರ ಹೆಸರನ್ನು ಮೂಲ ಫೈಲಿನ ಹೆಸರಿಗೆ ಬದಲಿಸುತ್ತವೆ. ಲಿನಕ್ಸಿನಲ್ಲಿ ಹೆಸರು ಬದಲಾವಣೆ ಅಖಂಡವಾದ ಕ್ರಿಯೆಯಾದ್ದರಿಂದ, ಓದುವವರಿಗೆ ಹಳೆಯ ಫೈಲು ಸಿಗುತ್ತದೆ ಅಥವಾ ಹೊಸದು ಸಿಗುತ್ತದೆ, ನಡುವಿನದು ಸಿಗುವುದಿಲ್ಲ. ಯಾವುದೇ ಇಂಥ ಲೈಬ್ರರಿಯನ್ನು ಆರಿಸುವ ಮೊದಲು ಅದರ ಮೂಲ ಕೋಡಿನಲ್ಲಿ ಈ ಎರಡು ಹೆಜ್ಜೆಗಳಿವೆಯೇ ಎಂದು ಹುಡುಕಿ ನೋಡಬೇಕು. ಇಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಡುವುದು ಲೇಸು.

ಒಬ್ಬರಿಗಿಂತ ಹೆಚ್ಚು ಜನ ಬರೆಯುವ ಕಡೆ ನಾನು ಸೂಚಿಸುವುದು ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ಎಸ್‌ಕ್ಯುಲೈಟ್. ಅಮೆರಿಕದ ನೌಕಾಪಡೆಯ ಹಡಗಿನ ತಂತ್ರಾಂಶವೊಂದರಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಹಿಪ್, ಸರ್ವರ್ ಇಲ್ಲದೆ ನಡೆಯುವ ಡೇಟಾಬೇಸ್ ಬೇಕೆಂದು 2000ದಲ್ಲಿ ಇದನ್ನು ರೂಪಿಸಿದರು. ಇದರ ಮೂಲ ಕೋಡಿಗೆ ಹಕ್ಕುಸ್ವಾಮ್ಯವಿಲ್ಲ. ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಡಲಾಗಿದೆ. ಆಂಡ್ರಾಯ್ಡ್ ಮತ್ತು ಐಫೋನ್‌ಗಳಲ್ಲಿಯೂ ಇದು ಇರುವುದರಿಂದ ನಮ್ಮೆಲ್ಲರ ಜೇಬಿನಲ್ಲಿ ಈಗಾಗಲೇ ಎಸ್‌ಕ್ಯುಲೈಟ್ ಫೈಲುಗಳಿವೆ. 2004ರಲ್ಲಿ ಬಂದ ಮೂರನೆಯ ಆವೃತ್ತಿಯ ಫೈಲು ಇಂದಿಗೂ ತೆರೆದುಕೊಳ್ಳುತ್ತದೆ, ಮತ್ತು 2050ರವರೆಗೆ ಈ ರೂಪವನ್ನು ಬೆಂಬಲಿಸುವ ಉದ್ದೇಶವನ್ನು ಅದರ ರೂವಾರಿಗಳು ಪ್ರಕಟಿಸಿದ್ದಾರೆ. ಮೂವತ್ತು ವರ್ಷದ ಮಳೆಯನ್ನು ಒಟ್ಟಿಗೆ ನೋಡಬೇಕೆನ್ನುವವರಿಗೆ ಈ ಭರವಸೆ ವೇಗಕ್ಕಿಂತ ದೊಡ್ಡದು. ವೇಗದ ಮಾತಿಗೆ ಬಂದರೂ, ದಿನಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ ಭೇಟಿಗಳಿರುವ ಜಾಲತಾಣಕ್ಕೆ ಇದು ಸಾಕೆಂದು ಅವರೇ ಹೇಳುತ್ತಾರೆ. ನಮ್ಮದು ಅದರ ಹತ್ತಿರಕ್ಕೂ ಹೋಗದು.

ಕರೆಂಟು ಹೋದಾಗ ಇದು ಹೇಗೆ ಉಳಿಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಸ್‌ಕ್ಯುಲೈಟ್ ತನ್ನ ಫೈಲನ್ನು ಸಮಾನ ಅಳತೆಯ ಪುಟಗಳಾಗಿ ವಿಭಾಗಿಸಿಕೊಂಡಿರುತ್ತದೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟ್. ಪೂರ್ವನಿಯೋಜಿತ ಕ್ರಮದಲ್ಲಿ, ಒಂದು ಪುಟವನ್ನು ತಿದ್ದುವ ಮೊದಲು ಅದರ ಹಳೆಯ ರೂಪವನ್ನು ಜರ್ನಲ್ ಎಂಬ ಇನ್ನೊಂದು ಫೈಲಿಗೆ ನಕಲು ಮಾಡಿಟ್ಟು, ಆಮೇಲೆ ಮೂಲ ಪುಟವನ್ನು ತಿದ್ದಿ, ಎಲ್ಲ ಮುಗಿದ ಮೇಲೆ ಜರ್ನಲನ್ನು ಅಳಿಸುತ್ತದೆ. ನಡುವೆ ಯಂತ್ರ ನಿಂತುಹೋದರೆ, ಮುಂದಿನ ಸಲ ಫೈಲು ತೆರೆಯುವಾಗ ಜರ್ನಲ್ ಇನ್ನೂ ಉಳಿದಿರುವುದು ಕಣ್ಣಿಗೆ ಬೀಳುತ್ತದೆ, ಹಳೆಯ ಪುಟಗಳು ಸ್ವಸ್ಥಾನಕ್ಕೆ ಮರಳುತ್ತವೆ. 2010ರಲ್ಲಿ ಬಂದ ಇನ್ನೊಂದು ಕ್ರಮ ವಾಲ್, ಅಂದರೆ ರೈಟ್-ಅಹೆಡ್ ಲಾಗ್. ಶಿವಮೊಗ್ಗದ ಮಂಡಿಯಲ್ಲಿ ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬಂದ ಕ್ರಮದಲ್ಲೇ ಬರೆದು, ಅನಂತರ ಬಿಡುವಾದಾಗ ಖಾತೆಗೆ ಏರಿಸುವಂತೆ, ಇಲ್ಲಿ ಹೊಸ ಪುಟಗಳು ಮೊದಲು ವಾಲ್ ಫೈಲಿನ ಕೊನೆಗೆ ಸೇರುತ್ತವೆ, ಸಾಕಷ್ಟು ಸೇರಿದ ಮೇಲೆ ಮೂಲ ಫೈಲಿಗೆ ಇಳಿಯುತ್ತವೆ. ಇದರಿಂದ ಆಗುವ ದೊಡ್ಡ ಅನುಕೂಲವೆಂದರೆ, ಒಬ್ಬರು ಬರೆಯುತ್ತಿರುವಾಗಲೂ ಉಳಿದವರು ಅಡೆತಡೆಯಿಲ್ಲದೆ ಓದುತ್ತಿರಬಹುದು. ಜಾಲತಾಣಗಳಿಗೆ ಇದೇ ಸೂಕ್ತ.

ಬರೆಯುವವರು ಮಾತ್ರ ಎರಡೂ ಕ್ರಮಗಳಲ್ಲಿ ಒಂದು ಹೊತ್ತಿಗೆ ಒಬ್ಬರೇ. ಇದನ್ನು ದೊಡ್ಡ ಕೊರತೆಯೆಂದು ಹೇಳುವುದುಂಟು. ಆದರೆ ಒಂದು ಸಾಲು ಬರೆಯಲು ಬೇಕಾಗುವುದು ಕೆಲವು ಮಿಲಿಸೆಕೆಂಡು. 8.30ಕ್ಕೆ ಅರವತ್ತು ಜನರೂ ಒಂದೇ ಕ್ಷಣಕ್ಕೆ ಗುಂಡಿ ಒತ್ತಿದರೂ, ಸರದಿಯ ಕೊನೆಯವರು ಒಂದು ಸೆಕೆಂಡು ಕಾಯುವ ಪ್ರಸಂಗ ಬರುವುದು ಕಷ್ಟ. ಒಂದೇ ಎಚ್ಚರವೆಂದರೆ, ಕಾಯುವ ಅವಧಿಯನ್ನು ಗೊತ್ತುಪಡಿಸದಿದ್ದರೆ ಎಸ್‌ಕ್ಯುಲೈಟ್‌ನ ಮೂಲ ಲೈಬ್ರರಿ ಕಾಯುವುದೇ ಇಲ್ಲ. 'ಡೇಟಾಬೇಸ್ ಲಾಕ್ ಆಗಿದೆ' ಎಂದು ತಕ್ಷಣ ಹಿಂದಿರುಗುತ್ತದೆ. ಬ್ಯುಸಿ ಟೈಮೌಟ್ ಎಂಬ ಆ ಅವಧಿಯನ್ನು ಐದು ಸೆಕೆಂಡಿಗೆ ಇಟ್ಟರೆ ಈ ತಕರಾರು ಬಹುಮಟ್ಟಿಗೆ ಮುಗಿಯಿತು.

ಕನ್ನಡದಲ್ಲಿ ಬಳಸುವವರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. ಎಸ್‌ಕ್ಯುಲೈಟ್‌ನಲ್ಲಿ ಕಾಲಮ್ಮಿಗೆ 'ಸಂಖ್ಯೆ' ಎಂದು ಹೇಳಿದ್ದರೂ, ಸಂಖ್ಯೆಯಾಗಿ ಪರಿವರ್ತನೆಯಾಗದ ಪಠ್ಯ ಬಂದರೆ ಅದನ್ನು ಪಠ್ಯವಾಗಿಯೇ ಸ್ವೀಕರಿಸುತ್ತದೆ. ಕನ್ನಡ ಕೀಲಿಮಣೆಯಲ್ಲಿ ಒಬ್ಬರು ೧೧೨ ಎಂದು ಬರೆದರೆ ಎಸ್‌ಕ್ಯುಲೈಟ್ ಅದನ್ನು ಸಂಖ್ಯೆಯೆಂದು ಗುರುತಿಸುವುದಿಲ್ಲ. ಆ ದಿನ 112 ಮಿಲಿಮೀಟರ್ ಮಳೆಯಾಗಿದ್ದರೂ ತಿಂಗಳ ಮೊತ್ತದಲ್ಲಿ ಅದು ಸೊನ್ನೆಯಾಗಿ ಸೇರುತ್ತದೆ. ಗರಿಷ್ಠ ಮಳೆ ಯಾವುದೆಂದು ಕೇಳಿದರೆ, ಪಠ್ಯವನ್ನು ಎಲ್ಲ ಸಂಖ್ಯೆಗಳಿಗಿಂತ ದೊಡ್ಡದೆಂದು ಎಣಿಸುವ ನಿಯಮದಿಂದಾಗಿ, ಬೇರೆ ಊರಿನಲ್ಲಿ 300 ಸುರಿದಿದ್ದರೂ ಇದೇ ಮೇಲೆ ಬಂದು ನಿಲ್ಲುತ್ತದೆ. ಎರಡೂ ತಪ್ಪು, ಎರಡೂ ಸದ್ದಿಲ್ಲದ ತಪ್ಪು. ಕನ್ನಡ ಅಂಕಿಗಳನ್ನು ಸ್ವೀಕರಿಸಿ ಒಳಗೆ ಪರಿವರ್ತಿಸಿಕೊಳ್ಳುವುದು ಜಾಲತಾಣದ ಕರ್ತವ್ಯ. ಅದರ ಜೊತೆಗೆ 2021ರಿಂದ ಲಭ್ಯವಿರುವ ಸ್ಟ್ರಿಕ್ಟ್ ಟೇಬಲ್ಲುಗಳನ್ನು ಬಳಸಿದರೆ, ತಪ್ಪಿ ಬಂದ ಪಠ್ಯವನ್ನು ಡೇಟಾಬೇಸೇ ತಿರಸ್ಕರಿಸುತ್ತದೆ. ಊರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗಲೂ ಸಣ್ಣದೊಂದು ವ್ಯತ್ಯಾಸ ಕಾಣುತ್ತದೆ: ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಳಕಾರದ ಸ್ಥಾನ ಲಕಾರದ ಬೆನ್ನಿಗೇ ಇರುವುದರಿಂದ, ವರ್ಣಮಾಲೆಯ ಕೊನೆಗೆ ಬರಬೇಕಾದ ಅದು ವಕಾರಕ್ಕಿಂತ ಮೊದಲು ಬರುತ್ತದೆ.

ಸಿಗ್ನಲ್ ಬಂದು ಹೋಗುವ ಊರುಗಳಲ್ಲಿ ಒಮ್ಮೆ ಕಳಿಸಿದ್ದು ತಲುಪಿತೋ ಇಲ್ಲವೋ ತಿಳಿಯದೆ ಜನ ಮತ್ತೊಮ್ಮೆ ಒತ್ತುತ್ತಾರೆ. ಮಳೆಮಾಪಕ ಮತ್ತು ದಿನಾಂಕದ ಜೋಡಿ ಒಂದೇ ಸಲ ಇರತಕ್ಕದ್ದೆಂದು ಟೇಬಲ್ಲಿನಲ್ಲೇ ನಿಯಮ ಹಾಕಿ, ಅದೇ ಜೋಡಿ ಮತ್ತೆ ಬಂದರೆ ಹಳೆಯ ಸಾಲನ್ನೇ ತಿದ್ದುವಂತೆ ಬರೆದರೆ, ಹತ್ತು ಸಲ ಒತ್ತಿದರೂ ಒಂದೇ ದಿನದ ಮಳೆ ಹತ್ತು ಪಟ್ಟಾಗುವುದಿಲ್ಲ.

ಇನ್ನು ಫೈಲು ಎಲ್ಲಿರಬೇಕು ಎಂಬ ವಿಚಾರ. ಸಣ್ಣ ಜಾಲತಾಣಗಳ ಮಾಹಿತಿ ಸೋರಿಹೋಗುವ ಅತಿ ಸರಳ ದಾರಿ ಇದೇ. ಪುಟಗಳಿರುವ ಫೋಲ್ಡರಿನಲ್ಲೇ ಡೇಟಾಬೇಸ್ ಫೈಲನ್ನೂ ಇಟ್ಟರೆ, ಅದರ ವಿಳಾಸವನ್ನು ಊಹಿಸಿದ ಯಾರಾದರೂ ಬ್ರೌಸರಿನಲ್ಲಿ ಬರೆದು ಇಡೀ ಫೈಲನ್ನು ಇಳಿಸಿಕೊಳ್ಳಬಹುದು. ಅಪಾಚೆ ಎಂಬ ವೆಬ್ ಸರ್ವರಿನಲ್ಲಿ ಎಚ್‌ಟಿ-ಆಕ್ಸೆಸ್ ಎಂಬ ನಿಯಮಗಳ ಫೈಲಿನ ಮೂಲಕ ಇದನ್ನು ತಡೆಯಬಹುದಾದರೂ, ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಆ ಫೈಲನ್ನು ಓದುವುದೇ ಇಲ್ಲ. ಮುಂದೆ ಸರ್ವರ್ ಬದಲಾಯಿಸಿದ ದಿನ ಬಾಗಿಲು ತೆರೆದುಕೊಂಡಿರುತ್ತದೆ. ಆದ್ದರಿಂದ ಫೈಲು ಸಾರ್ವಜನಿಕ ಫೋಲ್ಡರಿನ ಹೊರಗೇ ಇರಬೇಕು. ಎಸ್‌ಕ್ಯುಲೈಟ್ ತನ್ನ ಜರ್ನಲ್ ಅಥವಾ ವಾಲ್ ಫೈಲನ್ನು ಪಕ್ಕದಲ್ಲೇ ಸೃಷ್ಟಿಸಬೇಕಾದ್ದರಿಂದ, ಬರೆಯುವ ಅನುಮತಿ ಫೈಲಿಗೆ ಇದ್ದರೆ ಸಾಲದು, ಫೋಲ್ಡರಿಗೂ ಇರಬೇಕು. ಇದು ತಿಳಿಯದೆ, 'ಓದಲು ಮಾತ್ರ ಇರುವ ಡೇಟಾಬೇಸ್' ಎಂಬ ದೋಷ ಬಂದಾಗ ಎಲ್ಲದಕ್ಕೂ 777 ಅನುಮತಿ ಕೊಟ್ಟುಬಿಡುವ ಅಭ್ಯಾಸ ಅನೇಕರಲ್ಲಿದೆ. ಅದು ಯಂತ್ರದ ಮೇಲಿರುವ ಎಲ್ಲ ಬಳಕೆದಾರರಿಗೂ ಫೈಲನ್ನು ಒಪ್ಪಿಸಿದಂತೆ. ಕೆಲವು ಕ್ಲೌಡ್ ಸೇವೆಗಳಲ್ಲಿ ಪ್ರತಿ ಸಲ ಪ್ರೋಗ್ರಾಮು ಮರುಪ್ರಾರಂಭವಾದಾಗ ಡಿಸ್ಕು ಖಾಲಿಯಾಗುವುದರಿಂದ, ಅಂಥಲ್ಲಿ ಫೈಲು ಇಡುವುದಾದರೆ ಸ್ಥಿರ ಡಿಸ್ಕನ್ನು ಬೇರೆಯಾಗಿ ಜೋಡಿಸಿಕೊಂಡಿರಬೇಕು. ನೆಟ್‌ವರ್ಕ್ ಡ್ರೈವಿನ ಮೇಲೆ ವಾಲ್ ಕ್ರಮ ನಡೆಯುವುದಿಲ್ಲ.

ಎರಡನೆಯ ಪ್ರಶ್ನೆ ಲಾಗಿನ್ನಿನದು. ಇಲ್ಲಿ ಮೊದಲ ನಿಯಮ, ಪಾಸ್‌ವರ್ಡನ್ನು ಎಲ್ಲಿಯೂ ಇಟ್ಟುಕೊಳ್ಳಬಾರದು. ಇಟ್ಟುಕೊಳ್ಳಬೇಕಾದದ್ದು ಅದರ ಹ್ಯಾಶ್. ಅಂದರೆ ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ಪಡೆಯಬಹುದಾದ, ಆದರೆ ಅದರಿಂದ ಪಾಸ್‌ವರ್ಡಿಗೆ ಹಿಂದಿರುಗಲಾಗದ ಒಂದು ಸಾಲು. ಲಾಗಿನ್ ಮಾಡುವಾಗ ಬಂದ ಪಾಸ್‌ವರ್ಡಿನಿಂದ ಪುನಃ ಅದೇ ಲೆಕ್ಕ ಮಾಡಿ ಎರಡೂ ಹೊಂದುತ್ತವೆಯೇ ಎಂದು ನೋಡುತ್ತಾರೆ. ಎಂಡಿ5ರಂಥ ವೇಗದ ಹ್ಯಾಶ್‌ಗಳು ಈ ಕೆಲಸಕ್ಕೆ ಬಾರವು, ಏಕೆಂದರೆ ಒಂದು ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಪರೀಕ್ಷಿಸಬಲ್ಲದು. ಬೇಕೆಂದೇ ನಿಧಾನವಾಗಿ ನಡೆಯುವಂತೆ ರಚಿಸಿದವು 1999ರ ಬಿಕ್ರಿಪ್ಟ್ ಮತ್ತು 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ ಆರ್ಗಾನ್2. ಬಿಕ್ರಿಪ್ಟ್‌ನಲ್ಲಿ ಕಾಸ್ಟ್ ಎಂಬ ಸಂಖ್ಯೆಯನ್ನು ಒಂದು ಹೆಚ್ಚಿಸಿದರೆ ಶ್ರಮ ಎರಡರಷ್ಟಾಗುತ್ತದೆ. 10 ಎಂದರೆ 1024 ಸುತ್ತು, 12 ಎಂದರೆ 4096. ಜೊತೆಗೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾದ, ಸಾಲ್ಟ್ ಎಂಬ ಯಾದೃಚ್ಛಿಕ ತುಣುಕು ಸೇರುವುದರಿಂದ ಇಬ್ಬರ ಪಾಸ್‌ವರ್ಡು ಒಂದೇ ಆಗಿದ್ದರೂ ಹ್ಯಾಶ್ ಬೇರೆಯಾಗಿರುತ್ತದೆ. ಪಿಎಚ್‌ಪಿಯಲ್ಲಿ 2013ರ 5.5 ಆವೃತ್ತಿಯಿಂದಲೇ ಇದಕ್ಕೆ ಸಿದ್ಧ ಫಂಕ್ಷನ್‌ಗಳಿವೆ, ಉಳಿದ ಭಾಷೆಗಳಲ್ಲೂ ಪರೀಕ್ಷಿತ ಲೈಬ್ರರಿಗಳಿವೆ. ಸ್ವಂತ ಜಾಣ್ಮೆಯ ಹ್ಯಾಶ್ ಕಟ್ಟುವ ಲಾಗಿನ್ ಲೈಬ್ರರಿಯನ್ನು, ಅದು ಎಷ್ಟೇ ಹಗುರವಾಗಿರಲಿ, ದೂರವಿಡಬೇಕು.

ಕನ್ನಡ ಪಾಸ್‌ವರ್ಡುಗಳ ಸಂದರ್ಭದಲ್ಲಿ ಒಂದು ಪದವನ್ನು ಬಿಡಿಸಿ ನೋಡುವುದು ಉಪಯುಕ್ತ. 'ಶಿವಮೊಗ್ಗ' ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಅದು ಶ, ಇಕಾರದ ಚಿಹ್ನೆ, ವ, ಮ, ಒಕಾರದ ಚಿಹ್ನೆ, ಗ, ಹಲಂತ ಚಿಹ್ನೆ, ಗ ಎಂದು ಎಂಟು ಸಂಕೇತಗಳು. ಈ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ ಒಟ್ಟು 24 ಬೈಟ್. ಬಿಕ್ರಿಪ್ಟ್ ಗಣನೆಗೆ ತೆಗೆದುಕೊಳ್ಳುವುದು ಮೊದಲ 72 ಬೈಟ್ ಮಾತ್ರ. ಅಂದರೆ ಕನ್ನಡದಲ್ಲಿ ಉದ್ದನೆಯ ವಾಕ್ಯವೊಂದನ್ನು ಪಾಸ್‌ವರ್ಡಾಗಿ ಇಟ್ಟುಕೊಂಡವರಿಗೆ, ಶಿವಮೊಗ್ಗದಂಥ ಮೂರು ಪದಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಮುಂದಿನದನ್ನು ಏನೆಂದು ಬರೆದರೂ ಬಾಗಿಲು ತೆರೆಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಸಿಗುವ ಉದ್ದದ ಮೂರನೆಯ ಒಂದು ಭಾಗ ನಮಗೆ ಸಿಗುತ್ತದೆಂದಾಯಿತು. ಆರ್ಗಾನ್2ಕ್ಕೆ ಈ ಮಿತಿಯಿಲ್ಲ; ಕನ್ನಡ ಬಳಕೆದಾರರಿರುವಲ್ಲಿ ಅದನ್ನೇ ಆರಿಸಲು ನನಗೆ ಇದೊಂದೇ ಕಾರಣ ಸಾಕು.

ಅದೇ ಪದದಲ್ಲಿ ಇನ್ನೊಂದು ತೊಡಕೂ ಇದೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯೂನಿಕೋಡಿನ ನಿಯಮದಂತೆಯೂ ಎರಡೂ ಸಮಾನ. ಆದರೆ ಬೈಟುಗಳು ಬೇರೆಯಾದ್ದರಿಂದ ಹ್ಯಾಶ್ ಪೂರ್ತಿ ಬೇರೆ. ಒಂದು ಸಾಧನದಲ್ಲಿ ಇಟ್ಟ ಪಾಸ್‌ವರ್ಡು ಇನ್ನೊಂದರಲ್ಲಿ 'ತಪ್ಪು' ಎಂದು ಬರಲು ಇಷ್ಟು ಸಾಕು. ಹ್ಯಾಶ್ ಮಾಡುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವ ಒಂದು ಸಾಲಿನ ಕೋಡು ಇದನ್ನು ತಪ್ಪಿಸುತ್ತದೆ. ಬಳಕೆದಾರರ ಹೆಸರಿಗೂ ಇದು ಅನ್ವಯಿಸುತ್ತದೆ. ಇಲ್ಲದಿದ್ದರೆ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಖಾತೆಗಳು ಹುಟ್ಟಬಹುದು.

ಲಾಗಿನ್ ಆದ ಮೇಲೆ ಪ್ರತಿ ಪುಟಕ್ಕೂ ಪಾಸ್‌ವರ್ಡ್ ಕೇಳಲಾಗದು. ಆದ್ದರಿಂದ ಸರ್ವರ್ ಊಹಿಸಲಾಗದ ಉದ್ದನೆಯ ಯಾದೃಚ್ಛಿಕ ಟೋಕನ್ ಒಂದನ್ನು ಸೃಷ್ಟಿಸಿ ಬ್ರೌಸರಿಗೆ ಕುಕೀಯಾಗಿ, ಅಂದರೆ ಪ್ರತಿ ಕೋರಿಕೆಯೊಡನೆ ಬ್ರೌಸರು ಹಿಂದಿರುಗಿಸುವ ಗುರುತಾಗಿ, ಕೊಡುತ್ತದೆ, ಅದರ ಹ್ಯಾಶನ್ನು ಮಾತ್ರ ತನ್ನ ಟೇಬಲ್ಲಿನಲ್ಲಿ ಅವಧಿಯೊಡನೆ ಇಟ್ಟುಕೊಳ್ಳುತ್ತದೆ. ಇಲ್ಲಿ ಟೋಕನ್ನೇ ಊಹೆಗೆ ನಿಲುಕದ್ದಾದ್ದರಿಂದ ವೇಗದ ಹ್ಯಾಶ್ ಸಾಕು. ಲಾಗೌಟ್ ಎಂದರೆ ಆ ಸಾಲನ್ನು ಅಳಿಸುವುದು. ಕುಕೀಯನ್ನಷ್ಟೇ ಅಳಿಸಿ ಸಾಲನ್ನು ಉಳಿಸುವ ಲೈಬ್ರರಿ ಕೆಲಸವನ್ನು ಅರ್ಧಕ್ಕೆ ಬಿಟ್ಟಿದೆ. ಕುಕೀಗೆ ಜಾವಾಸ್ಕ್ರಿಪ್ಟ್ ಓದದಂತೆ ತಡೆಯುವ, ಎಚ್‌ಟಿಟಿಪಿಎಸ್ ಇಲ್ಲದೆ ಸಾಗದಂತೆ ತಡೆಯುವ, ಬೇರೆ ಜಾಲತಾಣದಿಂದ ಬಂದ ಕೋರಿಕೆಗೆ ಅಂಟಿಕೊಳ್ಳದಂತೆ ತಡೆಯುವ ಮೂರು ಗುರುತುಗಳೂ ಇರಬೇಕು.

ಪಾಸ್‌ವರ್ಡನ್ನು ಊಹಿಸುತ್ತ ಹೋಗುವವರನ್ನು ತಡೆಯಲು ಹಲವು ಲೈಬ್ರರಿಗಳು ಐದಾರು ಸಲ ತಪ್ಪಾದರೆ ಆ ಐಪಿ ವಿಳಾಸವನ್ನೇ ನಿರ್ಬಂಧಿಸುತ್ತವೆ. ನಮ್ಮ ಪರಿಸ್ಥಿತಿಗೆ ಇದು ಒಗ್ಗುವುದಿಲ್ಲ. ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಇಡುತ್ತವೆ. ಒಬ್ಬರು ಪಾಸ್‌ವರ್ಡ್ ಮರೆತು ತಡಕಾಡಿದರೆ ಅದೇ ಕಂಪನಿಯ ಸಿಮ್ ಇರುವ ಬೇರೆ ಊರಿನ ಸದಸ್ಯರೂ ಹೊರಗುಳಿದಾರು. ಖಾತೆವಾರು ಎಣಿಸಿ, ಪ್ರತಿ ತಪ್ಪಿಗೂ ಕಾಯುವ ಹೊತ್ತನ್ನು ಹೆಚ್ಚಿಸುತ್ತ ಹೋಗುವುದು ಇದಕ್ಕಿಂತ ನ್ಯಾಯವಾದ ಉಪಾಯ.

ಮರೆತ ಪಾಸ್‌ವರ್ಡಿಗೆ ಎಸ್‌ಎಂಎಸ್ ಮೂಲಕ ಒಟಿಪಿ ಕಳಿಸೋಣವೆಂದರೆ, ಭಾರತದಲ್ಲಿ ಅದಕ್ಕೆ ಡಿಎಲ್‌ಟಿ ಎಂಬ ಎಸ್‌ಎಂಎಸ್ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆಯನ್ನೂ ಸಂದೇಶದ ಮಾದರಿಯನ್ನೂ ನೋಂದಾಯಿಸಬೇಕು. ಅರವತ್ತು ಜನರ ಬಳಗಕ್ಕೆ ಅದು ಹೊರೆ. ಸದಸ್ಯರು ಪರಸ್ಪರ ಪರಿಚಿತರೇ ಆಗಿರುವುದರಿಂದ, ಅರ್ಧ ಗಂಟೆ ಮಾತ್ರ ಬಾಳುವ, ಒಂದೇ ಸಲ ಬಳಸಬಹುದಾದ ಸಂಕೇತವನ್ನು ಕಾರ್ಯದರ್ಶಿಯವರು ಸೃಷ್ಟಿಸಿ ಫೋನಿನಲ್ಲಿ ದನಿ ಗುರುತಿಸಿ ಹೇಳುವ ಏರ್ಪಾಡು ಇಲ್ಲಿ ಸರಳವೂ ಹೌದು, ಸುರಕ್ಷಿತವೂ ಹೌದು. ಆ ಸಂಕೇತದ ಹ್ಯಾಶ್ ಮಾತ್ರ ಡೇಟಾಬೇಸಿನಲ್ಲಿರಬೇಕು. ಹೆಸರು, ಫೋನ್ ಸಂಖ್ಯೆಗಳನ್ನು ಇಟ್ಟುಕೊಂಡ ಮೇಲೆ ಅವನ್ನು ಕಾಪಾಡುವ ಹೊಣೆ ನಮ್ಮ ಮೇಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಅದನ್ನೇ ಅಪೇಕ್ಷಿಸುತ್ತದೆ. ಬೇಡದ ಮಾಹಿತಿಯನ್ನು ಕೇಳದಿರುವುದು ಈ ಹೊಣೆಯನ್ನು ಹಗುರಗೊಳಿಸುವ ಮೊದಲ ಹೆಜ್ಜೆ.

ಬ್ಯಾಕಪ್ ವಿಚಾರದಲ್ಲಿ ಫೈಲು ಒಂದೇ ಎಂಬುದು ಅನುಕೂಲವೂ ಹೌದು, ಮೋಸಹೋಗುವ ಜಾಗವೂ ಹೌದು. ಜಾಲತಾಣ ನಡೆಯುತ್ತಿರುವಾಗ ಮೂಲ ಫೈಲನ್ನು ಸುಮ್ಮನೆ ನಕಲು ಮಾಡಿದರೆ, ವಾಲ್ ಫೈಲಿನಲ್ಲಿರುವ ಇತ್ತೀಚಿನ ಸಾಲುಗಳು ತಪ್ಪಿಹೋಗಬಹುದು, ಅರ್ಧ ಬರೆದ ಪುಟಗಳೂ ಸೇರಿಕೊಳ್ಳಬಹುದು. ಎಸ್‌ಕ್ಯುಲೈಟ್‌ನದೇ ಬ್ಯಾಕಪ್ ಆದೇಶ ಅಥವಾ ವ್ಯಾಕ್ಯೂಮ್ ಇಂಟು ಎಂಬ ಆದೇಶ ನಡೆಯುತ್ತಿರುವ ಡೇಟಾಬೇಸಿನ ಸುಸಂಗತವಾದ ಪ್ರತಿಯನ್ನು ಕೊಡುತ್ತದೆ. ದಿನಕ್ಕೊಮ್ಮೆ ಆ ಪ್ರತಿ ಬೇರೊಂದು ಯಂತ್ರಕ್ಕೆ ಹೋಗಬೇಕು, ತಿಂಗಳಿಗೊಮ್ಮೆ ಆ ಪ್ರತಿಯನ್ನು ನಿಜವಾಗಿ ತೆರೆದು, ಫೈಲು ಕೆಟ್ಟಿಲ್ಲವೆಂದು ಪರೀಕ್ಷಿಸುವ ಇಂಟೆಗ್ರಿಟಿ ಚೆಕ್ ನಡೆಸಿ, ನಿನ್ನೆಯ ಮಳೆ ಅದರಲ್ಲಿದೆಯೇ ಎಂದು ನೋಡಬೇಕು.

ಒಂದಕ್ಕಿಂತ ಹೆಚ್ಚು ಸರ್ವರುಗಳು ಒಂದೇ ಡೇಟಾಬೇಸಿಗೆ ಬರೆಯಬೇಕಾದಾಗ, ಅಥವಾ ಸೆಕೆಂಡಿಗೆ ನೂರಾರು ಬರೆಹಗಳು ಎಡೆಬಿಡದೆ ಬರತೊಡಗಿದಾಗ ಪೋಸ್ಟ್‌ಗ್ರೆಸ್ ಕಡೆ ಹೋಗಬೇಕಾಗುತ್ತದೆ. ಜಿಲ್ಲೆಯಾದ್ಯಂತ ತಂತಾನೇ ಐದು ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಮಳೆಮಾಪಕಗಳನ್ನು ಹಾಕಿದರೂ ಆ ಹಂತ ತಕ್ಷಣ ಬರುವುದಿಲ್ಲ: ಸಾವಿರ ಮಾಪಕಗಳೆಂದರೂ ಅದು ಸೆಕೆಂಡಿಗೆ ಮೂರು ನಾಲ್ಕು ಬರೆಹ. ಸ್ಟ್ರಿಕ್ಟ್ ಟೇಬಲ್ಲುಗಳನ್ನೂ, ಡೇಟಾಬೇಸುಗಳ ಪ್ರಶ್ನಾಭಾಷೆಯಾದ ಎಸ್‌ಕ್ಯುಎಲ್ಲಿನ ಸಾಮಾನ್ಯ ರೂಪವನ್ನೂ ಬಳಸಿ ಬರೆದಿದ್ದರೆ, ಅಂದು ಸ್ಥಳಾಂತರಿಸಬೇಕಾದದ್ದು ಒಂದು ಫೈಲು ಮತ್ತು ತಿದ್ದಬೇಕಾದದ್ದು ಕೆಲವೇ ಪ್ರಶ್ನಾವಾಕ್ಯಗಳು. ಹ್ಯಾಶ್‌ಗಳು ಬರಿಯ ಪಠ್ಯವಾದ್ದರಿಂದ ಸದಸ್ಯರು ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳುವ ಅಗತ್ಯವೂ ಬೀಳುವುದಿಲ್ಲ.